ಬಜಾರದ ಹಾದಿಗೆ ಹೋದ ಪಡಸಾಲೆ

ಮದುವೆಯಾದ ಮರುವರ್ಷ ನಾವು ಶಹಾಬಾದಿನಲ್ಲಿ ಮನೆ ಕಟ್ಟಲು ಜಾಗ ಕೊಂಡೆವು. ಬುನಾದಿ ತೋಡುವ ಮೊದಲೇ ಚಾವಡಿಯ ಗೋಡೆಗೆ ಸರ್ಕಾರದ ಜಾಹೀರನಾಮೆ ಅಂಟಿಸಿದರು. ನಿಜಾಮರ ಕಾಲ, ಕಾಗದವೆಲ್ಲ ಉರ್ದುವಿನಲ್ಲಿ. ನನ್ನ ಗಂಡನಿಗೆ ಉರ್ದು ಓದಲು ಬರುತ್ತಿರಲಿಲ್ಲ. ಅಪ್ಪ ಕಲಿಸಿದ್ದರಿಂದ ನನಗೆ ಬರುತ್ತಿತ್ತು.

"ಹೊಸ ಬಜಾರದ ಹಾದಿ ನಮ್ಮ ಓಣ್ಯಾಗ ಬರ್ತದಂತ. ಜಾಗಾ ಇದ್ದವರು ಸೋಮವಾರ ಕಚೇರಿಗಿ ಬಂದು ತಕರಾರು ಹೇಳ್ಬೇಕಂತ. ಹೋಗಿ ಬರ್ರಿ," ಎಂದೆ.

"ನಮ್ಮ ಜಾಗಾದಾಗ ನಾವು ಕಟ್ಟಾಕತ್ತೀವಿ. ಹೆಣ್ಮಗಳು ಓದಿ ಹೇಳಿದ್ದು ಕೇಳಿ ಕಚೇರಿಗಿ ಹೋಗ್ಲೇನು?" ಎಂದರು.

ಎದುರುಮನೆಯ ಸಾಹುಕಾರರು ಸೋಮವಾರ ಕಚೇರಿಗೆ ಹೋಗಿ ಮಾತಾಡಿದರು. ಹಾದಿ ಅವರ ಅಂಗಳ ತಪ್ಪಿಸಿ ನಮ್ಮತ್ತ ಸರಿಯಿತು. ನಮಗದು ತಿಳಿದದ್ದು ಗೋಡೆ ಎದೆಮಟ್ಟ ಎದ್ದ ಮೇಲೆ, ಸರಪಳಿ ಹಿಡಿದು ಅಳೆಯುವವರು ಬಂದಾಗ. ಪಡಸಾಲೆಯಷ್ಟೂ ಹಾದಿಗೆ ಹೋಗುತ್ತಿತ್ತು.

"ಕಚೇರಿಗಿ ಕರದಾಗ ಯಾಕ ಬರ್ಲಿಲ್ರಿ?" ಎಂದು ಅವರ ಜೊತೆ ಬಂದ ಗುಮಾಸ್ತ ಕೇಳಿದ.

"ನಮಗ ಯಾರೂ ಹೇಳ್ಲಿಲ್ರಿ," ಎಂದರು ನನ್ನ ಗಂಡ. ನಾನು ಪಕ್ಕದಲ್ಲೇ ನಿಂತಿದ್ದೆ.

ಕೆಡವಿದ ಗೋಡೆಯ ಕಲ್ಲುಗಳನ್ನು ಹಿತ್ತಲಿಗೆ ಹೊತ್ತು ಹಾಕಿದವಳು ನಾನು. ಉಳಿದ ಒಂದೇ ಕೋಣೆಯಲ್ಲಿ ಎಷ್ಟೋ ವರ್ಷ ಸಂಸಾರ ಮಾಡಿದೆವು. ಸರ್ಕಾರದವರು ಹೇಳದೆ ಕೇಳದೆ ಕಿತ್ತುಕೊಂಡರೆಂದು ನನ್ನ ಗಂಡ ಬಂದವರಿಗೆಲ್ಲ ಹೇಳುವಾಗ, ನಾನು ಚಹಾ ಸೋಸುತ್ತಿದ್ದೆ. ಅವರು ತೀರಿಹೋದರು. ನನ್ನ ಸಿಟ್ಟು ಹೋಗಿಲ್ಲ.