ಕಂಬಳಿ ಗವಸು

ನಮ್ಮ ಸೋದರಮಾವನ ಎರಡೂ ಹೆಬ್ಬೆರಳ ತುದಿಗಳು ಮಗುವಿನ ಕೆನ್ನೆಯಷ್ಟು ನುಣ್ಣಗಿದ್ದವು. ಮಿಕ್ಕ ಮೈಯೆಲ್ಲ ಆದೋನಿಯ ಬಿಸಿಲಿಗೆ ಕರಕಲಾಗಿದ್ದರೂ ಆ ತುದಿಗಳ ಮೇಲೆ ಒಂದು ಗೀರೂ ಇರಲಿಲ್ಲ. ಮೂವತ್ತು ವರ್ಷ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ದರ್ಜೆ ನೋಡುವ ಕೆಲಸ ಅವನದು. ಚಿಟಿಕೆ ಹತ್ತಿಯನ್ನು ಎರಡು ಕೈಯಲ್ಲಿ ಹಿಡಿದು ಹಿಂಜಿದನೆಂದರೆ ಎಳೆ ಎಷ್ಟುದ್ದ, ಎಷ್ಟು ಗಟ್ಟಿ ಎಂದು ಹೇಳಿಬಿಡುತ್ತಿದ್ದ. ಬೀಜ ಕಚ್ಚಿದಾಗ 'ಕಟ್' ಎನ್ನದಿದ್ದರೆ ನೀರು ಹೊಡೆದ ಮಾಲೆಂದು ಗಾಡಿಯನ್ನೇ ತಿರುಗಿಸಿ ಕಳಿಸುತ್ತಿದ್ದ. ಆಸ್ಪರಿ ಕಡೆಯ ರೈತರು ಅವನನ್ನು ಬೈದುಕೊಂಡೇ ನಂಬುತ್ತಿದ್ದರು. ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರ ಪಂಚೆಯ ಅಂಚು ಹಿಡಿದು ನೋಡುವ ಚಾಳಿ.

ಅವನನ್ನು ಹಿಮಾಲಯಕ್ಕೆ ಎಳೆದೊಯ್ದವನು ನಾನು. ನಮ್ಮ ಕಚೇರಿಯ ಗೆಳೆಯರು ಹೊರಟಿದ್ದ ಚಾರಣದಲ್ಲಿ ಒಬ್ಬರ ಜಾಗ ಖಾಲಿಯಾಗಿತ್ತು. ಉಣ್ಣೆಯ ಕೈಗವಸು ಕಡ್ಡಾಯ ಎಂದು ಪಟ್ಟಿಯಲ್ಲಿತ್ತು. ಹತ್ತಿಯ ಊರಿನವರಿಗೆ ಉಣ್ಣೆ ಯಾಕೆ ಎಂದು ದೊಡ್ಡಸ್ತಿಕೆ ತೋರಿಸಿ ನಾನು ಹತ್ತಿ ತುಂಬಿದ ದಪ್ಪನೆಯ ಗವಸು ಹೊಲಿಸಿಕೊಂಡೆ.

"ಹತ್ತಿ ನೀರು ಕುಡೀತೈತಲೇ ಅಳಿಯಾ. ಕುಡಿದ್ರ ಲಗೂನ ಬಿಡಂಗಿಲ್ಲ," ಎಂದ ಮಾವ. ತಾನು ಹಳೆಯ ಕಂಬಳಿ ಕತ್ತರಿಸಿ ಅತ್ತೆಯ ಕೈಲಿ ಗವಸು ಹೊಲಿಸಿದ. ಅದನ್ನು ನೋಡಿ ನಾನೂ ಗೆಳೆಯರೂ ರೈಲಿನಲ್ಲಿ ದಾರಿಯುದ್ದಕ್ಕೂ ನಕ್ಕೆವು.

ಮೊದಲ ಸಲ ಹಿಮ ಸಿಕ್ಕಾಗ ಮಾವ ಗವಸು ಕಳಚಿ, ಒಂದು ಚಿಟಿಕೆ ತೆಗೆದು ಹಿಂಜಲು ನೋಡಿದ. "ಎಳೀನ ಇಲ್ಲ. ರಿಜೆಕ್ಟ್!" ಎಂದು ನಕ್ಕ.

ನಾಲ್ಕನೆಯ ದಿನ ಏರುದಾರಿಯಲ್ಲಿ ಮಳೆ ಹಿಡಿಯಿತು, ಆಮೇಲೆ ಹಿಮ ಸುರಿಯಿತು. ನನ್ನ ಗವಸು ನೆನೆದು ಇಟ್ಟಿಗೆಯಂತೆ ಸೆಟೆದವು. ಶಿಬಿರ ಇನ್ನೂ ಮೂರು ಗಂಟೆಯ ದಾರಿ. ಗೆಳೆಯರು ಮುಂದೆ ಹೋಗಿಬಿಟ್ಟಿದ್ದರು. ಉಸಿರು ಸಾಲದೆ, ಬೆರಳು ಮರಗಟ್ಟಿ, ನಾನು ದಾರಿಯಲ್ಲೇ ಕೂತು ಗೋಳೋ ಎಂದು ಅತ್ತೆ. ಮಾವ ಒಂದು ಮಾತೂ ಬೈಯಲಿಲ್ಲ. ತನ್ನ ಕಂಬಳಿ ಗವಸು ಬಿಚ್ಚಿ ನನ್ನ ಕೈಗೆ ತೊಡಿಸಿದ.

"ನಿಂಗ ಮಾವಾ?" ಎಂದೆ.

"ನಂದೇನಲೇ, ಮುಗಿದ ವಯಸ್ಸು. ನೀ ಆಫೀಸ್ನಾಗ ಬರಿಯಾಂವ, ನಿಂಗ ಕೈ ಬೇಕು. ಏಳು."

ಅವನಿಗೂ ಕೈ ಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿಕೊಂಡೆ. ಸರದಿಯಲ್ಲಾದರೂ ಹಾಕಿಕೊಳ್ಳಬಹುದಿತ್ತು, ಮೂರು ಗಂಟೆಯಲ್ಲಿ ಒಮ್ಮೆಯೂ ನಾನದನ್ನು ವಾಪಸು ಕೊಡಲಿಲ್ಲ. ಅವನೋ, ಬರಿಗೈಯಲ್ಲಿ ಕೋಲು ಊರುತ್ತ, ಇನ್ನೊಂದು ಬರಿಗೈಯಲ್ಲಿ ನನ್ನ ರಟ್ಟೆ ಹಿಡಿದು ನಡೆಸಿದ.

ಮಾವನ ಬೆರಳು ಉಳಿದವು, ಸ್ಪರ್ಶ ಉಳಿಯಲಿಲ್ಲ. ಊರಿಗೆ ಬಂದು ಹತ್ತಿ ಹಿಂಜಿದರೆ ಏನೂ ತಿಳಿಯಲಿಲ್ಲ. ಕೆಲವು ದಿನ ಕಣ್ಣಂದಾಜಿನಲ್ಲಿ ನಡೆಸಿದ. ಒಂದು ದಿನ ದೊಡ್ಡ ಮಾಲಿನ ದರ್ಜೆಯೇ ತಪ್ಪಿತು. "ರೇಪಟ್ನುಂಚಿ ರಾವದ್ದು ಮಾಮಾ," ಎಂದು ತೆಲುಗಿನಲ್ಲೇ ಅಂದ ಮಿಲ್ಲಿನ ಮಾಲೀಕ, ನಾಳೆಯಿಂದ ಬರಬೇಡ ಎಂದು.

ಗವಸು ಕಳಕೊಂಡು ಹಿಮದಲ್ಲಿ ಕೈ ಸುಟ್ಟುಕೊಂಡ ದಡ್ಡ ಎಂದು ಜನ ಆಡಿಕೊಂಡರು. ನನ್ನೆದುರಿಗೇ ಆಡಿಕೊಂಡರು. "ಎಲ್ಲೋ ಬಿದ್ದುವಪ್ಪಾ," ಎಂದು ಮಾವ ನಕ್ಕುಬಿಡುತ್ತಿದ್ದ. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅತ್ತೆಗೂ ಅವನು ಅದನ್ನೇ ಹೇಳಿದ್ದ. ಆಕೆ ಹೊಲಿದ ಆ ಗವಸು ಇಂದಿಗೂ ನನ್ನ ಬೀರುವಿನಲ್ಲಿವೆ. ನಾನೆಂಥ ಹೇಡಿ ಎಂಬುದು ಅವನೊಬ್ಬನಿಗೇ ಗೊತ್ತಿತ್ತು, ಅವನು ಬಾಯಿ ಬಿಡಲಿಲ್ಲ.

ಹೋದ ವರ್ಷ ಮಾವ ತೀರಿಕೊಂಡ. ಹೆಣದ ಮೂಗಿಗೆ ಇಡುವ ಹತ್ತಿಯನ್ನು ಅತ್ತೆ ತಂದು ನನ್ನ ಕೈಗೇ ಕೊಟ್ಟಳು.

"ಛಲೋ ಹತ್ತಿ ಐತೇನು ನೋಡಪ್ಪಾ. ಅವ್ರು ಕೀಳು ಮಾಲು ಮುಟ್ತಿದ್ದಿಲ್ಲ."

ಹತ್ತೂ ಬೆರಳು ನೆಟ್ಟಗಿರುವ ನಾನು ಹಿಂಜಿ ನೋಡಿದೆ. ಏನೂ ತಿಳಿಯಲಿಲ್ಲ.

"ಛಲೋ ಐತಿ ಅತ್ತಿ," ಎಂದೆ. ಅವನ ಮುಂದೆ ಬಾಯಿ ಬಿಟ್ಟು ಹೇಳುವ ಸುಳ್ಳೊಂದು ಬಾಕಿಯಿತ್ತು, ಅದನ್ನೂ ಹೇಳಿದೆ.