ಉಸಿರಿಗೆ ಜಾಗವಿಲ್ಲದ ಹಾಡು

ಎರಡು ವರ್ಷದ ಹಿಂದೆ ಕುಣಿಗಲ್‌ನ ಒಂದು ಸಂಗೀತ ಕಾರ್ಯಕ್ರಮದಲ್ಲಿ ನಾನು ರಚಿಸಿದ ಕೃತಿಯನ್ನು ಮೊಟ್ಟಮೊದಲ ಬಾರಿಗೆ ಹಾಡುವುದೆಂದು ನಿಶ್ಚಯವಾಗಿತ್ತು. ಆಗ ನನಗೆ ಇಪ್ಪತ್ಮೂರು. ಕರಪತ್ರದಲ್ಲಿ ‘ರಚನೆ: ಸಮೀನಾ, ಗುಬ್ಬಿ’ ಎಂದು ಅಚ್ಚಾಗಿದ್ದನ್ನು ಎಷ್ಟು ಸಲ ಓದಿಕೊಂಡೆನೋ!

ನಮ್ಮಪ್ಪ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್ ಊದುತ್ತಾರೆ. ನಾನು ಹತ್ತನೇ ವಯಸ್ಸಿನಿಂದ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ವೀಣೆ ಕಲಿತೆ. ಮನೆಯಲ್ಲಿ ಸಿನಿಮಾ ಹಾಡು, ಪಾಠದಲ್ಲಿ ಕಲ್ಯಾಣಿ, ತೋಡಿ. ನನಗೆ ಎರಡೂ ಇಷ್ಟವೇ. ಆದರೂ ಸಂಗೀತದವರು ಯಾರಾದರೂ ತಂದೆಯ ಕೆಲಸ ಕೇಳಿದರೆ ಮಾತು ಹಾರಿಸಿಬಿಡುತ್ತಿದ್ದೆ. ಬ್ಯಾಂಡ್‌ಸೆಟ್ ಎಂದು ಹೇಳಲು ನಾಚಿಕೆ.

ಕೃತಿಯನ್ನು ಹಾಡಬೇಕಿದ್ದವರು ತುಮಕೂರಿನ ಗಾಯಕಿ ವೇದಕ್ಕ. ನಾನು ವೀಣೆಯಲ್ಲಿ ನುಡಿಸಿ, ರೆಕಾರ್ಡ್ ಮಾಡಿ, ಸಾಹಿತ್ಯದ ಜೊತೆ ವಾಟ್ಸಾಪಿನಲ್ಲಿ ಕಳಿಸಿದ್ದೆ. ಅವರು ಅದನ್ನು ಕೇಳಿ ತುಂಡು ತುಂಡಾಗಿ ಕಲಿತಿದ್ದರು. ಕಾರ್ಯಕ್ರಮದ ದಿನ ಮಧ್ಯಾಹ್ನ ಮೃದಂಗದ ಜೊತೆ ಮೊದಲ ಸಲ ಪೂರ್ತಿ ಹಾಡಿ ನೋಡಿದರು. ಚರಣದ ನಡುವೆ ಉಸಿರು ಕಟ್ಟಿತು. ಮತ್ತೆ ಹಾಡಿದರು, ಕೆಮ್ಮೇ ಬಂತು.

“ಎಲ್ಲೂ ನಿಲ್ಲೋಕೇ ಬಿಟ್ಟಿಲ್ವಲ್ಲೇ ನೀನು! ಇವತ್ತು ಇದನ್ನ ಬಿಟ್ಬಿಡೋಣ ಸಮೀನಾ, ಬೇಜಾರ್ ಮಾಡ್ಕೋಬೇಡ” ಎಂದರು.

ನನಗೆ ಅಳು ಉಕ್ಕಿತು. ಅಷ್ಟರಲ್ಲಿ, ಜೊತೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಎದ್ದು ವೇದಿಕೆಯ ಹತ್ತಿರ ಬಂದರು.

“ಮೇಡಂ, ತಪ್ಪು ತಿಳ್ಕೋಬೇಡಿ, ನಾನು ಇವಳಪ್ಪ. ಇವ್ಳು ವೀಣೆ ಮೇಲೆ ಮಾಡವ್ಳೆ. ಬೆರಳಿಗೆ ಉಸಿರು ಬೇಕಾಗಲ್ವಲ್ಲ? ನಾನು ಬ್ಯಾಂಡ್‌ಸೆಟ್‌ನವ್ನು, ನಡ್ಕೊಂಡೇ ಊದ್ಬೇಕು. ಎಲ್ಲಿ ಉಸಿರು ತಗೋಬೇಕು ಅಂತ ಮೊದ್ಲೇ ಗುರುತು ಮಾಡ್ಕೊಳ್ದಿದ್ರೆ ಛತ್ರ ಮುಟ್ಟೋದ್ರೊಳ್ಗೆ ಬಿದ್ದೋಗ್ತೀವಿ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ವೇದಕ್ಕ, “ಬನ್ನಿ ಸಾರ್, ಇಲ್ಲೇ ಕೂತ್ಕೊಳ್ಳಿ” ಎಂದು ತಮ್ಮ ಜಮಖಾನದ ಮೇಲೆ ಜಾಗ ಬಿಟ್ಟರು.

ವೇದಕ್ಕ ಹಾಡುತ್ತಾ ಹೋದರು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಾ, ಉಸಿರೆಳೆಯಬೇಕಾದ ಕಡೆ ಬೆರಳೆತ್ತಿದರು. ಒಂದು ಕಡೆ ವೇದಕ್ಕ, “ಇಲ್ಲಿ ಬೇಡ, ಪದ ಮುರಿಯುತ್ತೆ” ಎಂದಾಗ ಬೆರಳು ಸ್ವಲ್ಪ ಮುಂದಕ್ಕೆ ಹೋಯಿತು. ಕೊನೆಯ ಜಾಗದಲ್ಲಂತೂ ನಾನು ವಾರಗಟ್ಟಲೆ ತಿದ್ದಿ ಕೂರಿಸಿದ್ದ ನಾಲ್ಕು ಸ್ವರಗಳೇ ಹೋಗಬೇಕಿತ್ತು.

“ಅದು ಹೋದ್ರೆ ಹಾಡಲ್ಲಿ ಏನಿದೆ?” ಎಂದು ಸಿಡುಕಿದೆ.

“ಹೋಗ್ಲಿ ಬುಡು ಮಗಳೇ, ಹಾಡೋರು ಬದುಕ್ಲಿ.”

ಮೃದಂಗದವರು ಜೋರಾಗಿ ನಕ್ಕರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ನನಗೆ ಆ ಸ್ವರಗಳು ಹಾಗೆ. ಕೊನೆಗೆ ಪೆನ್ಸಿಲ್ ತೆಗೆದು ನನ್ನ ಸ್ವರಲಿಪಿಯಲ್ಲಿ ಅವನ್ನು ಹೊಡೆದು ಹಾಕಿದೆ.

ಸಂಜೆ ವೇದಕ್ಕ ಹಾಡಿದರು. ಆ ನಾಲ್ಕು ಸ್ವರಗಳಿದ್ದ ಜಾಗದಲ್ಲಿ ಬರೀ ತಂಬೂರಿ ಕೇಳಿಸಿತು. ಆಮೇಲೆ ಬಂದ ಸಾಲು ಎಷ್ಟು ಚೆನ್ನಾಗಿ ಎದ್ದಿತೆಂದರೆ ನನ್ನದೇ ಹಾಡು ನನಗೆ ಹೊಸದಾಗಿತ್ತು. ಜನ ಚಪ್ಪಾಳೆ ತಟ್ಟಿದರು. ನಿರೂಪಕರು ನನ್ನನ್ನು ಮೇಲಕ್ಕೆ ಕರೆದು ಯಾರ ಹತ್ತಿರ ಕಲಿತಿದ್ದೆಂದು ಕೇಳಿದರು. ವೀಣೆಯ ಗುರುಗಳ ಹೆಸರು ಹೇಳಿದೆ. ಆಮೇಲೆ ಹೇಳಿದೆ: “ಇನ್ನೊಬ್ರು ನಮ್ಮಪ್ಪ. ಬ್ಯಾಂಡ್‌ಸೆಟ್‌ನಲ್ಲಿ ಕ್ಲಾರಿನೆಟ್ ಊದ್ತಾರೆ. ಅಗೋ, ಅಲ್ಲಿ ಕೂತಿದ್ದಾರೆ.” ಎಲ್ಲರೂ ತಿರುಗಿ ನೋಡಿದಾಗ ಅಪ್ಪನಿಗೆ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ, “ಆ ನಾಲ್ಕು ಸ್ವರ ಚೆನ್ನಾಗೇ ಇತ್ತು ಕಣಮ್ಮ. ಎಸೀಬೇಡ, ಇನ್ನೊಂದ್ ಹಾಡಿಗೆ ಇಟ್ಕೋ” ಎಂದರು.

ಆ ಇನ್ನೊಂದು ಹಾಡನ್ನು ಈಗ ಮಾಡುತ್ತಿದ್ದೇನೆ. ಅಷ್ಟು ವರ್ಷ ಇಂಥ ಅಪ್ಪನನ್ನು ಮುಚ್ಚಿಟ್ಟೆನಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ. ಪ್ರತಿ ಸಾಲನ್ನೂ ಬರೆಯುವ ಮೊದಲು ಅಪ್ಪನ ಮುಂದೆ ಹಾಡುತ್ತೇನೆ.