ಕಂಪ್ಲಿಯ ಖಾನಾವಳಿಗೆ ಬರುತ್ತಿದ್ದ ಜೋಡಿ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ಕೇಳಿ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ "ನಮ್ಮ ಮಾವಗ ಹಾದ್ಯಾಗ ಬಿಳಿ ಸೀರಿ ಉಟ್ಟಾಕಿ ಕಂಡಿದ್ಲಂತ್ರಿ" ಎಂದು ಶುರು ಮಾಡಿದರೆ, "ಸೀರಿ ಅಂಚು ಯಾವ ಬಣ್ಣದ್ದಿತ್ತು, ಕೇಳಿದ್ರೇನ್ರಿ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಾನು ದೆವ್ವ ಭೂತ ನಂಬುವುದಿಲ್ಲ. ಇಲ್ಲಿ ಹೇಳಹೊರಟಿರುವುದರಲ್ಲಿ ದೆವ್ವವೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ಮಟಮಟ ಮಧ್ಯಾಹ್ನ, ಕಂಪ್ಲಿಯ ಒಂದು ಖಾನಾವಳಿ, ಎದುರಿಗೆ ರೊಟ್ಟಿ ಊಟ, ಅಷ್ಟೇ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ. ಒಡಹುಟ್ಟಿದ ಅಕ್ಕನೇ ನಂಬಿಲ್ಲ.

ನನ್ನ ತವರು ಸಂಡೂರು. ಮದುವೆಯಾಗಿ ಹೊಸಪೇಟೆಗೆ ಬಂದೆ. ಗಂಡ ಅಲ್ಲಿ ಅದಿರು ಲಾರಿಗಳ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಮ್ಯಾನೇಜರು. ಅವರನ್ನು ಈ ಬರಹದುದ್ದಕ್ಕೂ 'ಅವರು' ಎಂದೇ ಬರೆಯುತ್ತೇನೆ. ಅದು ರೂಢಿಯಿಂದ ಬಂದ ಬಹುವಚನ, ಗೌರವ ಎಂದು ತಪ್ಪು ತಿಳಿಯಬೇಡಿ.

ಅವರಿಗೆ ತಿರುಗಾಟದ ಹುಚ್ಚು. ಭಾನುವಾರ ಬಂತೆಂದರೆ ಕಾರು ತೊಳೆಸಿ ತಯಾರಾಗುತ್ತಿದ್ದರು. ಹಂಪಿಗೆ ಎಷ್ಟು ಸಲ ಹೋದೆವೆಂದರೆ ಗೈಡುಗಳು ನಮ್ಮನ್ನು ಕರೆಯುವುದನ್ನೇ ಬಿಟ್ಟಿದ್ದರು. ಟಿ.ಬಿ. ಡ್ಯಾಂ, ಮಲಪನಗುಡಿಯ ಹಳೆಯ ಬಾವಿ, ಮಳೆಗಾಲದಲ್ಲಿ ಸಂಡೂರಿನ ಕುಮಾರಸ್ವಾಮಿ ಬೆಟ್ಟ, ಒಂದನ್ನೂ ಬಿಟ್ಟಿರಲಿಲ್ಲ. ಹೋದಲ್ಲೆಲ್ಲ ಫೋಟೋ ಆಗಬೇಕು. ಫೋನು ಎತ್ತಿ ಹಿಡಿದು "ನಗು" ಎನ್ನುವರು, ನಗುತ್ತಿದ್ದೆ. ಫೋಟೋ ಬಿದ್ದೊಡನೆ ಇಬ್ಬರ ಮುಖವೂ ಮೊದಲಿನಂತಾಗುತ್ತಿತ್ತು. ಆ ಫೋಟೋ ನೋಡಿದ ನೆಂಟರು ಮಾತ್ರ "ಜೋಡಿ ಅಂದ್ರ ಹಿಂಗಿರಬೇಕು" ಎಂದು ತಮ್ಮ ಸೊಸೆಯಂದಿರಿಗೆ ತೋರಿಸುತ್ತಿದ್ದರಂತೆ. ದೂರದ ಬೆಟ್ಟ ನುಣ್ಣಗೆ.

ನಮ್ಮ ನಡುವೆ ಏನು ಕೆಟ್ಟಿತ್ತು ಎಂದು ಕೇಳಿದರೆ ದೊಡ್ಡದೇನನ್ನೂ ತೋರಿಸಲಾರೆ. ಅವರು ಕುಡಿಯುವವರಲ್ಲ, ಕೈ ಎತ್ತಿದವರಲ್ಲ. ಆದರೆ ಕೆಟ್ಟದ್ದು ಯಾವತ್ತು ಎಂಬುದು ಚೆನ್ನಾಗಿ ನೆನಪಿದೆ. ನಮ್ಮಂಥ ಶಿವಾಚಾರದ ಮನೆಗಳಲ್ಲಿ ಹಳಬರದೊಂದು ಪದ್ಧತಿ. ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿದುಬಿಡುವುದು. ಅನ್ನವೆಂದರೆ ಪ್ರಸಾದ, ಒಂದಗುಳೂ ಚರಂಡಿಗೆ ಹೋಗಬಾರದೆಂದು. ನನ್ನನ್ನು ಬೆಳೆಸಿದವಳು ಅಜ್ಜಿ. ಅದು ನನಗೆ ಉಸಿರಾಟದಷ್ಟೇ ಸಹಜವಾಗಿತ್ತು.

ಮದುವೆಯಾದ ಎರಡನೇ ತಿಂಗಳು, ಹೊಸಪೇಟೆಯ ಒಂದು ಎ.ಸಿ. ರೆಸ್ಟೋರೆಂಟಿನಲ್ಲಿ ಅವರ ಆಫೀಸಿನವರು, ಅವರವರ ಹೆಂಡಂದಿರು ಎಲ್ಲ ಸೇರಿ ಊಟಕ್ಕೆ ಕೂತಿದ್ದೆವು. ಊಟವಾಯಿತು. ಮಾತಿನ ಭರದಲ್ಲಿ ನಾನು ಗ್ಲಾಸಿನ ನೀರನ್ನು ತಟ್ಟೆಗೆ ಹಾಕಿ, ತೊಳೆದು ಕುಡಿದೆ. ಒಬ್ಬಳು ಕಿಸಕ್ಕನೆ ನಕ್ಕಳು. ಕಾರಿನಲ್ಲಿ ಕೂತ ಮೇಲೆ ಅವರು, "ಮಂದಿ ಮುಂದ ನನ್ನ ಮರ್ಯಾದಿ ತಗದಿ" ಎಂದರು.

"ನಿಮ್ಮವ್ವನೂ ಹಂಗ ಮಾಡ್ತಾರಲ್ರಿ?"

"ಮನ್ಯಾಗಿಂದು ಬ್ಯಾರೆ. ಇನ್ನೊಮ್ಮಿ ಹಿಂಗ ಮಾಡಿದ್ರ ನಿನ್ನ ಎಲ್ಲಿಗೂ ಕರ್ಕೊಂಡು ಹೋಗಂಗಿಲ್ಲ."

ಅಂದಿನಿಂದ ಬಿಟ್ಟೆ. ಹೊರಗೆ ಮಾತ್ರವಲ್ಲ, ಮನೆಯಲ್ಲೂ ಬಿಟ್ಟೆ. ಪ್ರತಿ ಊಟದ ಕೊನೆಗೆ ಬೆರಳು ನೀರಿನ ಕಡೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಇದೂ ಒಂದು ಸಂಕಟವೇ ಎಂದು ನೀವು ನಗಬಹುದು. ದಿನಕ್ಕೆ ಎರಡು ಸಲ, ಆರು ವರ್ಷ ಹೀಗೆ ಕೈ ಹಿಂದಕ್ಕೆಳೆದುಕೊಂಡು ನೋಡಿ, ಆಮೇಲೆ ನಗಿ. ಮಾತುಗಳೂ ಹಾಗೇ ಬಾಯಿತನಕ ಬಂದು ಹಿಂದೆ ಹೋಗತೊಡಗಿದವು. ಕೊನೆಗೆ ಭಾನುವಾರದ ಕಾರಿನಲ್ಲಿ ಹಾಡು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಏಳನೇ ವರ್ಷ ನಾನೊಂದು ತೀರ್ಮಾನ ಮಾಡಿದೆ. ಅವರಿಗೆ ಹೇಳದೆ ಸಂಡೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ, ಆದೇಶವೂ ಬಂದಿತ್ತು. ಅಕ್ಕನ ಮನೆಯ ಮಾಳಿಗೆ ಮೇಲೆ ಒಂದು ಕೋಣೆ ಖಾಲಿಯಿತ್ತು. ಬಿಟ್ಟು ಹೋಗುತ್ತೇನೆಂದು ಹೇಳುವುದೊಂದೇ ಬಾಕಿ. ಜಗಳವಾಡಿ ಹೋಗುವ ಮನಸ್ಸಿರಲಿಲ್ಲ. ಮುಂದಿನ ಭಾನುವಾರ ಎಲ್ಲಿಗೇ ಹೋದರೂ ಊಟವಾದ ಮೇಲೆ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಆ ಭಾನುವಾರ ಅವರು ಕಂಪ್ಲಿ ಎಂದರು. ಅಲ್ಲಿಗೆ ನಾವು ಹಿಂದೆ ಎಂದೂ ಹೋಗಿರಲಿಲ್ಲ. ಇದನ್ನು ದಯವಿಟ್ಟು ಗಮನದಲ್ಲಿಡಿ. ಬಸ್ಸಿನಲ್ಲಿ ಒಂದೆರಡು ಸಲ ಆ ಊರನ್ನು ಹಾದುಹೋಗಿದ್ದೆನೇ ಹೊರತು ನೆಲಕ್ಕೆ ಕಾಲಿಟ್ಟವಳಲ್ಲ. ಕಮಲಾಪುರದ ಮೇಲೆ ಹೋದೆವು. ರಸ್ತೆಯ ಎರಡೂ ಕಡೆ ಬಾಳೆ, ಕಬ್ಬು, ಆಮೇಲೆ ಭತ್ತದ ಗದ್ದೆ. ಕೋಟೆ ನೋಡಿದೆವು, ಹೊಳೆದಂಡೆಯಲ್ಲಿ ಫೋಟೋ ತೆಗೆಸಿಕೊಂಡೆವು, ನಕ್ಕೆವು. ಒಂದೂವರೆ ಆಗಿತ್ತು. ಎ.ಸಿ. ಇರುವ ಹೋಟೆಲು ಹುಡುಕಿ ಸಿಗದೆ, ಮೂಗು ಮುರಿಯುತ್ತಲೇ ಅವರು ಒಂದು ಖಾನಾವಳಿಯ ಮುಂದೆ ಕಾರು ನಿಲ್ಲಿಸಿದರು.

ಆರೇಳು ಮೇಜುಗಳ ಸಣ್ಣ ಜಾಗ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅರವತ್ತರ ಹೆಂಗಸು, ಖಾನಾವಳಿಯ ಒಡತಿ, ನಮ್ಮನ್ನು ಕಂಡೊಡನೆ ಎದ್ದು ಬಂದಳು.

"ಬರ್ರಿ ಟೀಚರ್, ಬರ್ರಿ ಸಾಹೇಬ್ರ. ಈ ಸಲ ಭಾಳ ದಿನ ಮಾಡಿದ್ರಿ. ಕುಂದ್ರಿ, ನಿಮ್ ಕಿಡಕಿ ಜಾಗ ಖಾಲಿ ಐತಿ."

ಬೇರೆ ಯಾರೋ ಎಂದುಕೊಂಡಿದ್ದಾಳೆ ಪಾಪ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ಟೀಚರ್ ಎಂದದ್ದು ನನಗೆ ಚುಚ್ಚಿತು, ಆದರೆ ನನ್ನ ಮುಖದ ಮೇಲೇ ಟೀಚರ್ ಎಂದು ಬರೆದಿದೆ ಎಂದು ಮಕ್ಕಳೂ ಹೇಳುತ್ತಾರೆ. ಕೂತೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ ಬಂತು. ನನ್ನ ತಟ್ಟೆಯಲ್ಲಿ ಕೆಂಪು ಚಟ್ನಿಯಿತ್ತು, ಅವರ ತಟ್ಟೆಯಲ್ಲಿ ಇರಲಿಲ್ಲ, ಬದಲಿಗೆ ಬೆಣ್ಣೆಯಿತ್ತು. ನನಗ್ಯಾಕಿಲ್ಲ ಎಂದು ಅವರು ಕೇಳಿದ್ದಕ್ಕೆ ಆಕೆ, "ಬಳ್ಳೊಳ್ಳಿ ಚಟ್ನಿ ತಿಂದ್ರ ನಿಮಗ ಬಿಕ್ಕಳಿಕಿ ಹತ್ತತೈತೆಲ್ರಿ" ಎಂದಳು.

ಅದು ನಿಜ. ಅವರ ತಾಯಿ ಮತ್ತು ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ ನಿಜ. ಅವರು ತುತ್ತು ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನು ಹೇಳಿಲ್ಲವೆಂದು ತಲೆ ಅಲ್ಲಾಡಿಸಿದೆ. ಮುಂದೆ ಇಬ್ಬರೂ ಮಾತಾಡದೆ ಉಂಡೆವು, ಅದರಲ್ಲಿ ಹೊಸದೇನಿರಲಿಲ್ಲ. ಊಟ ಮುಗಿಯಿತು. ಹೇಳಬೇಕಾದ ಮಾತನ್ನು ನಾನು ಗಂಟಲಲ್ಲಿ ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಆಕೆ ಒಂದು ತಂಬಿಗೆ ನೀರು ತಂದು ಅವರ ಮುಂದೆ ಇಟ್ಟು ನಿಂತುಕೊಂಡಳು.

"ಹೂಂ, ಹಾಕ್ರಿ ಸಾಹೇಬ್ರ."

"ಏನ್ ಹಾಕೋದು?"

"ಟೀಚರ್ ತಾಟಿಗೆ ನೀರು! ಯಾವಾಗ್ಲೂ ನೀವ ಹಾಕ್ತೀರಲ್ಲ. ಅವ್ರು ತೊಳದು ಕುಡೀತಾರ, ಆಮ್ಯಾಲ ನಿಮ್ ತಾಟಿಗೆ ಅವ್ರು ಹಾಕ್ತಾರ. ಎರಡು ವರ್ಷ ಆತು ನೋಡಾಕ್ಹತ್ತಿ. ನಮ್ಮಲ್ಲಿ ಉಣ್ಣಾಕ ಬರೋ ಜೋಡ್ಯಾಗ ಹಿಂಗ ನಕ್ಕೋಂತ ಉಣ್ಣೋರು ನೀವಿಬ್ರ."

ಅಜ್ಜಿ ಕಲಿಸಿದ್ದನ್ನು ನಾನು ಕೊನೆಯ ಸಲ ಮಾಡಿ ಆರು ವರ್ಷವಾಗಿತ್ತು. ಅವರಂತೂ ತಮ್ಮ ಜನ್ಮದಲ್ಲಿ ಮಾಡಿದವರಲ್ಲ. ಆದರೆ ಹೆದರಿಕೆಗಿಂತ ಮೊದಲು ನನ್ನೊಳಗೆ ಎದ್ದದ್ದು ಬೇರೆಯೇ. ಹಾಕಲಿ ಎಂದು ಆಸೆಯಾಯಿತು. ಒಂದೇ ಒಂದು ಸಲ ಆ ತಂಬಿಗೆ ಬಗ್ಗಿಸಿದರೆ ಪರ್ಸಿನಲ್ಲಿದ್ದ ವರ್ಗದ ಆದೇಶವನ್ನು ಅಲ್ಲೇ ಹರಿದು ಬಿಸಾಡುತ್ತೇನೆ ಎಂದುಕೊಂಡೆ. ಇದು ಉತ್ಪ್ರೇಕ್ಷೆಯಲ್ಲ, ನಿಜವಾಗಿ ಹರಿಯುತ್ತಿದ್ದೆ.

ಅವರು ತಂಬಿಗೆಗೆ ಕೈ ಹಾಕಿದರು, ಎತ್ತಿದರು ಕೂಡ. ಅದು ನನ್ನ ತಟ್ಟೆಯ ತನಕ ಬಂತು. ಆಮೇಲೆ ಅವರ ಕಣ್ಣು ಪಕ್ಕದ ಮೇಜಿನ ಕಡೆ ಹೋಯಿತು. ಅಲ್ಲಿ ಇಬ್ಬರು ಗಂಡಸರು ಕೂತು ಉಣ್ಣುತ್ತಿದ್ದರು, ನಮ್ಮ ಕಡೆ ನೋಡುತ್ತಲೂ ಇರಲಿಲ್ಲ. ತಂಬಿಗೆ ಕೆಳಗಿಟ್ಟು, "ಜಲ್ದಿ ಏಳು, ಹೋಗೂಣು" ಎಂದರು.

"ಇವತ್ತ ಜಗಳಾ ಆಡಿ ಬಂದೀರೇನ?" ಎಂದು ಆಕೆ ನನ್ನನ್ನು ಮೆಲ್ಲಗೆ ಕೇಳಿದಳು. ನಾನು ಕೈತೊಳೆದು ಅವರ ಹಿಂದೆ ನಡೆದೆ.

ಊರು ದಾಟಿದ ಮೇಲೆ ಅವರು ಕಾರು ನಿಲ್ಲಿಸಿ ಕೇಳಿದ ಮೊದಲ ಮಾತು, "ನೀ ಯಾರ್ ಜೋಡಿ ಬರ್ತಿದ್ದಿ ಇಲ್ಲಿಗೆ?"

"ಆಕಿ ನಿಮ್ಮನ್ನೂ ಗುರ್ತು ಹಿಡದ್ಲಲ್ರಿ. ನಿಮ್ ಬಿಕ್ಕಳಿಕಿ ಸುದ್ದಿ ಆಕಿಗೆ ಹೆಂಗ್ ಗೊತ್ತು?"

"ನೀನ ಹೇಳಿಕೊಟ್ಟಿರಬೇಕು. ನನ್ನ ಅವಮಾನ ಮಾಡ್ಸಾಕ."

ಕಂಪ್ಲಿಗೆ ಹೋಗುವುದೆಂದು ಬೆಳಿಗ್ಗೆ ತೀರ್ಮಾನಿಸಿದವರೂ ಅವರೇ, ಆ ಖಾನಾವಳಿಯ ಮುಂದೆ ಕಾರು ನಿಲ್ಲಿಸಿದವರೂ ಅವರೇ. ನಾನು ಅದನ್ನೆಲ್ಲ ಎತ್ತಲಿಲ್ಲ. "ನಾ ಸಂಡೂರಿಗೆ ಹೊಂಟೀನ್ರಿ, ಹೊಳ್ಳಿ ಬರಂಗಿಲ್ಲ" ಎಂದಷ್ಟೇ ಹೇಳಿದೆ. ಅವರು ಕಾರು ಚಾಲೂ ಮಾಡಿದರು. ಹೊಸಪೇಟೆ ಬರುವವರೆಗೂ ಹಾಡು ಕೂಡ ಹಾಕಲಿಲ್ಲ. ಅದೇ ವಾರ ನಾನು ಹೊರಟುಬಂದೆ.

ಒಂದೂವರೆ ವರ್ಷ ಕಳೆಯಿತು. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರಳಾಗಿ ಕಂಪ್ಲಿಗೆ ಹೋಗಬೇಕಾಗಿ ಬಂತು. ಅಷ್ಟರಲ್ಲಿ ನಾನು ಎಲ್ಲಕ್ಕೂ ಕಾರಣ ಹುಡುಕಿಕೊಂಡಿದ್ದೆ. ನಮ್ಮನ್ನು ಹೋಲುವ ಯಾರೋ ಇದ್ದಿರಬೇಕು, ಖಾನಾವಳಿಯ ಒಡತಿಯ ಕಣ್ಣು ಮಂಜಾಗಿರಬೇಕು, ಬೆಳ್ಳುಳ್ಳಿ ಆಗದವರು ಊರಿಗೆ ನೂರು ಜನ, ತಟ್ಟೆ ತೊಳೆದು ಕುಡಿಯುವವರು ನಮ್ಮ ಜನರಲ್ಲಿ ಬೇಕಾದಷ್ಟು. ಮಕ್ಕಳಿಗೆ ಪಾಠ ಹೇಳಿದಂತೆ ನನಗೆ ನಾನೇ ಹೇಳಿಕೊಂಡಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾಲುಗಳು ತಾವಾಗಿಯೇ ಖಾನಾವಳಿಯ ಕಡೆ ನಡೆದವು.

ಆಕೆ ಗಲ್ಲಾದ ಹಿಂದಿನಿಂದಲೇ ಕೂಗಿದಳು. "ಬರ್ರಿ ಟೀಚರ್! ಇವತ್ತ ಒಬ್ರ ಬಂದೀರಿ, ಸಾಹೇಬ್ರು ಎಲ್ಲಿ?"

"ನಾವು ಕಡೀಕ ಯಾವಾಗ ಬಂದಿದ್ವಿ?"

"ಹೋದ ಐತವಾರ ಬಂದಿದ್ರೆಲ್ರಿ. ಸಾಹೇಬ್ರು ತಂಬಿಗಿ ಎತ್ತಿ ನೀರು ಹಾಕುಮುಂದ ನಿಮ್ ಸೀರಿ ಮ್ಯಾಲ ಚೆಲ್ಲಿದ್ರು. ಇಬ್ರೂ ಎಷ್ಟ್ ನಕ್ರಿ!"

ಹೋದ ಭಾನುವಾರ ನಾನು ಸಂಡೂರಿನಲ್ಲಿ ಅಕ್ಕನ ಜೊತೆ ವರ್ಷದ ಖಾರದ ಪುಡಿ ಮಾಡಿಸುತ್ತಿದ್ದೆ. ಕಣ್ಣುರಿ ಇನ್ನೂ ಆರಿರಲಿಲ್ಲ. ನಾನು ಆಕೆಯ ಹತ್ತಿರ ಹೋಗಿ, ಮುಖಕ್ಕೆ ಮುಖ ಕೊಟ್ಟು, "ಸರಿಯಾಗಿ ನೋಡ್ರಿ, ನಾನ ಏನು?" ಎಂದು ಕೇಳಿದೆ. ಆಕೆ ನೋಡಿದಳು. "ನೀವ ಅಲ್ಲೇನ್ ಮತ್ತ? ಯಾಕ ಹಿಂಗ ಸೊರಗೀರಿ?" ಎಂದಳು. ಊಟ ಬೇಡವೆಂದು ಹೊರಗೆ ಬಂದೆ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಬಿಟ್ಟುಬಂದ ಮೇಲೆ ಮೊದಲ ಸಲ ಅವರಿಗೆ ಫೋನು ಮಾಡಿದೆ. ಹೋದ ಭಾನುವಾರ ಎಲ್ಲಿದ್ದಿರಿ ಎಂದೆ. ಆಫೀಸಿನಲ್ಲಿ ಎಂದರು. ಸುಳ್ಳು ಹೇಳುವಾಗ ಅವರ ದನಿ ನನಗೆ ಗೊತ್ತು, ಅದು ಸುಳ್ಳಾಗಿರಲಿಲ್ಲ. ಖಾನಾವಳಿಯವಳು ಹೇಳಿದ್ದನ್ನು ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಅವರ ಕಡೆ ಲಾರಿಯೊಂದು ಹಿಂದಕ್ಕೆ ಸರಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

"ನೀರು ನಾನ ಹಾಕಿದ್ನಂತೇನು?" ಎಂದರು.

"ಹೂಂ. ನೀವ ಹಾಕಿದ್ರಂತ."

"ಚಲೋ ಆತು ಬಿಡು" ಎಂದು ಫೋನು ಇಟ್ಟರು.

ಅವರು ಆ ಮಾತನ್ನು ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ಇವತ್ತಿಗೂ ತಿಳಿದಿಲ್ಲ. ಆ ಇಬ್ಬರು ಯಾರು, ನಮ್ಮ ಮುಖ ಅವರಿಗೆ ಎಲ್ಲಿಂದ ಬಂತು ಎಂಬುದೂ ತಿಳಿದಿಲ್ಲ. ವಿಜ್ಞಾನದ ಟೀಚರಾಗಿ ನನ್ನ ಬಳಿ ಉತ್ತರವಿಲ್ಲ. ಒಂದು ಭಾನುವಾರ ಹೋಗಿ ಕೂತು ನೋಡಿಬಿಡು ಎಂದು ಅಕ್ಕ ಹಂಗಿಸುತ್ತಾಳೆ. ಸಂಡೂರಿನಿಂದ ಅದೇನು ದೂರವಲ್ಲ. ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಭಯವೆಂದು ಅವಳು ತಿಳಿದಿದ್ದಾಳೆ. ಭಯವಲ್ಲ, ಹೊಟ್ಟೆಕಿಚ್ಚು. ಖಾನಾವಳಿಗೆ ಬರುವ ಆ ಇನ್ನೊಬ್ಬಳು ನನ್ನ ಎದುರಿಗೆ ಸಿಕ್ಕರೆ ನೀನು ಯಾರೆಂದು ನಾನು ಕೇಳುವುದಿಲ್ಲ. ಅದೇ ಮನುಷ್ಯ, ಅದೇ ಕೈ, ನೀನು ಏನು ಹೇಳಿ ಒಪ್ಪಿಸಿದೆ ಮಾರಾಯ್ತಿ ಎಂದು ಕೇಳುತ್ತೇನೆ.